ಪಾಕ್ ಓದಿ, ಲೂಟ್ ಹೇಳಿ: ಕ್ಲಿಂಗನ್‌ನಲ್ಲಿ ಪುಸ್ತಕದ ಭಾಗಗಳಿಗೆ ಏನಂತಾರೆ?

ಮೊದಲು ಒಂದು ವಾಕ್ಯ ಕಲಿಯೋಣ. ‘ಪಾಕ್ ವಿಲಾಡ್.’ ಪಾಕೂ ಇದೆ, ಲಾಡೂ ಇದೆ, ಆದರೆ ಇದು ಸ್ವೀಟ್ ಅಂಗಡಿಯ ಬೋರ್ಡ್ ಅಲ್ಲ. ‘ನಾನು ಪುಸ್ತಕ ಓದುತ್ತೇನೆ’ ಅಂತ ಕ್ಲಿಂಗನ್ ಭಾಷೆಯಲ್ಲಿ ಹೇಳಿದ್ದು. ಸ್ಟಾರ್ ಟ್ರೆಕ್ ಅನ್ನೋ ಅಮೆರಿಕದ ವೈಜ್ಞಾನಿಕ ಕಥಾಸರಣಿಯಲ್ಲಿ ಬರುವ, ಬೇರೆ ಗ್ರಹದ ಯೋಧರ ಭಾಷೆ ಇದು. ‘ಪಾಕ್’ ಅಂದರೆ ಪುಸ್ತಕ, ‘ಲಾಡ್’ ಅಂದರೆ ಓದು, ನಡುವಿನ ‘ವಿ’ ಅಂದರೆ ‘ನಾನು ಅದನ್ನು’. ಕನ್ನಡದವರಿಗೆ ಈ ಎರಡು ಪದ ಜನ್ಮದಲ್ಲಿ ಮರೆಯಲ್ಲ. ಮೈಸೂರು ಪಾಕ್ ನೆನಪಿಟ್ಟುಕೊಳ್ಳಿ ಸಾಕು.

ಸ್ಟಾರ್ ಟ್ರೆಕ್ ನೋಡುವವರು ಬೈಗುಳದಿಂದ ಈ ಭಾಷೆ ಶುರು ಮಾಡುತ್ತಾರೆ. ಯುದ್ಧ, ಹಡಗು, ಆಯುಧದ ಪದಗಳು ಬೇಗ ಬಂದುಬಿಡುತ್ತವೆ. ಆಮೇಲೆ ಒಂದು ದಿನ ಸುಮ್ನೆ ಒಂದು ಪುಟ್ಟ ಕಥೆ ಬರೆಯೋಣ ಅಂತ ಕೂತಾಗ ಕೈ ನಿಲ್ಲುತ್ತದೆ. ಅಧ್ಯಾಯಕ್ಕೆ ಏನನ್ನಬೇಕು? ಮುನ್ನುಡಿಗೆ? ‘ಮುಗಿಯಿತು’ ಅಂತ ಕೊನೆಯಲ್ಲಿ ಹಾಕೋದು ಹೇಗೆ? ನಾನೂ ಅಲ್ಲೇ ನಿಂತಿದ್ದೆ. ಹಾಗಾಗಿ ಒಂದು ಕಥೆಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಕ್ಲಿಂಗನ್‌ನಲ್ಲಿ ಲೇಬಲ್ ಮಾಡೋದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ವ್ಯಾಕರಣ ಬೇಕಾದಷ್ಟೇ.

ಮೊದಲು ಉಚ್ಚಾರ. ಕ್ಲಿಂಗನ್ ಪದಗಳನ್ನು ಸಾಮಾನ್ಯವಾಗಿ ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಅದರಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನೋದು ಅಲಂಕಾರಕ್ಕಲ್ಲ, ಅವು ಬೇರೆಬೇರೆ ಧ್ವನಿಗಳಿಗಿರುವ ಗುರುತು. ಡಿ, ಐ, ಎಸ್, ಒಂಟಿಯಾಗಿ ಬರುವ ಹೆಚ್ ಯಾವಾಗಲೂ ದೊಡ್ಡದಾಗೇ ಇರುತ್ತವೆ, ಪದದ ನಡುವೆ ಬಂದರೂ ಅಷ್ಟೇ. ದೊಡ್ಡ ಡಿ ಅಂದರೆ ನಮ್ಮ ‘ಡ’, ನಾಲಿಗೆ ಮಡಿಸಿ ಹೇಳೋದು. ದೊಡ್ಡ ಎಸ್ ಅಂದರೆ ಹೆಚ್ಚೂಕಡಿಮೆ ನಮ್ಮ ‘ಷ’. ನಾವು ‘ಶ’ ಮತ್ತು ‘ಷ’ ಎರಡನ್ನೂ ಒಂದೇ ಥರ ಹೇಳಿ ಕನ್ನಡ ಮೇಷ್ಟರ ಕೈಲಿ ಬೈಸಿಕೊಂಡವರೇ ಜಾಸ್ತಿ, ಅಲ್ವಾ, ಇಲ್ಲಿ ಆ ‘ಷ’ ನಿಜಕ್ಕೂ ಬೇಕು. ಇನ್ನೊಂದು ಖುಷಿಯ ಸಂಗತಿ: ವರ್ಣಮಾಲೆಯಲ್ಲಿ ಕಲಿತು ಆಮೇಲೆ ಒಂದು ದಿನವೂ ಬಳಸದೆ ಬಿಟ್ಟ ‘ಙ’ ಇದೆಯಲ್ಲ, ಅದಕ್ಕೆ ಇಲ್ಲಿ ಕೈತುಂಬ ಕೆಲಸ. ಪದದ ಮೊದಲಲ್ಲೂ ಬರುತ್ತದೆ.

ಕ್ಯೂ ಅಕ್ಷರ ಎರಡೂ ರೂಪದಲ್ಲಿ ಬರುತ್ತದೆ. ಸಣ್ಣ ಕ್ಯೂ ಅಂದರೆ ಗಂಟಲ ಹಿಂಬದಿಯಿಂದ ಬರುವ ‘ಕ’. ದೊಡ್ಡ ಕ್ಯೂ ಅಂದರೆ ಅದೇ ಜಾಗದಿಂದ ಕ್ಯಾಕರಿಸಿದ ಹಾಗೆ. ಸಣ್ಣದನ್ನು ‘ಕ’ ಅಂತಲೂ ದೊಡ್ಡದನ್ನು ‘ಕ್ಖ’ ಅಂತಲೂ ಇಲ್ಲಿ ಬರೆಯುತ್ತೇನೆ. ಜಿ-ಹೆಚ್ ಜೋಡಿಗೆ ‘ಘ’ ಹಾಕಿದ್ದೇನೆ, ಆದರೆ ಗಾಳಿಯನ್ನು ಪೂರ್ತಿ ತಡೆಯದೆ ಉಜ್ಜಿಕೊಂಡು ಹೇಳಬೇಕು. ದೊಡ್ಡ ಹೆಚ್‌ಗೆ ‘ಹ’, ಅದೂ ಗಂಟಲು ಉಜ್ಜಿಯೇ. ಮೇಲ್ಗಡೆ ಹಾಕುವ ’ ಗುರುತು ಕೂಡ ಒಂದು ವ್ಯಂಜನ. ಗಂಟಲನ್ನು ಟಕ್ ಅಂತ ಮುಚ್ಚಿ ಬಿಡಬೇಕು. ಅದನ್ನು ಬಿಟ್ಟು ಬರೆದರೆ ಪದವೇ ಬೇರೆಯಾಗುತ್ತದೆ. ಕೊನೆಗೆ ‘ಟ್ಲ್’. ನಾಲಿಗೆಯ ತುದಿಯನ್ನು ‘ಟ’ಕ್ಕೆ ಒತ್ತಿ ಹಿಡಿದು ಗಾಳಿಯನ್ನು ಎರಡೂ ಬದಿಯಿಂದ ಒಮ್ಮೆಲೇ ಬಿಡಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಅಭ್ಯಾಸ ಮಾಡಿ. ಮೊದಲ ವಾರ ಎಂಜಲು ಹಾರುತ್ತದೆ.

ನಿಘಂಟಿನಲ್ಲಿ ಹುಡುಕಲು ರೋಮನ್ ಸ್ಪೆಲಿಂಗ್ ಬೇಕಾಗುತ್ತದೆ. ‘ಪಾಕ್’ ಅಂದರೆ ಪಿ-ಎ-ಕ್ಯೂ, ಎಲ್ಲಾ ಸಣ್ಣಕ್ಷರ. ‘ಲಾಡ್’ ಅಂದರೆ ಸಣ್ಣ ಎಲ್, ಎ, ದೊಡ್ಡ ಡಿ. ಎ ಯಾವಾಗಲೂ ‘ಆ’, ಯು ಯಾವಾಗಲೂ ‘ಊ’, ಓ ಯಾವಾಗಲೂ ‘ಓ’. ಇಂಗ್ಲಿಷಿನ ಹಾಗೆ ಒಂದೊಂದು ಪದಕ್ಕೆ ಒಂದೊಂದು ಆಟ ಇಲ್ಲ.

ಈ ಭಾಷೆಯ ಹಿನ್ನೆಲೆ ಸ್ವಲ್ಪ ಗೊತ್ತಿರಬೇಕು, ಯಾಕೆಂದರೆ ಪದ ಕಟ್ಟುವ ಶಿಸ್ತು ಅಲ್ಲಿಂದಲೇ ಬಂದಿದೆ. 1979ರ ಮೊದಲ ಸ್ಟಾರ್ ಟ್ರೆಕ್ ಸಿನಿಮಾಗೆ ನಟ ಜೇಮ್ಸ್ ಡೂಹನ್ ಕೆಲವು ಮಾತು ಹೊಂದಿಸಿದ್ದರು. ಅದನ್ನು ಇಟ್ಟುಕೊಂಡು ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ 1984ರ ಮೂರನೇ ಸಿನಿಮಾಗಾಗಿ ಪೂರ್ತಿ ಭಾಷೆಯನ್ನೇ ಕಟ್ಟಿದರು. ಅವರ ನಿಘಂಟು 1985ರಲ್ಲಿ ಬಂತು, 1992ರಲ್ಲಿ ಹಿಗ್ಗಿಸಿದ ಆವೃತ್ತಿ ಬಂತು. ಅದೇ 1992ರಲ್ಲಿ ಅಮೆರಿಕದಲ್ಲಿ ಕ್ಲಿಂಗನ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಭಾಷೆ ಗಂಭೀರವಾಗಿ ಕಲಿತವರ ನಡುವೆ ಒಂದು ಕಟ್ಟುಪಾಡು ಇದೆ: ಹೊಸ ಬೇರು ಪದ ಬೇಕಾದರೆ ಓಕ್ರಾಂಡ್ ಅವರಿಂದಲೇ ಬರಬೇಕು. ನಾವು ನೀವು ಮನಸ್ಸಿಗೆ ಬಂದ ಹಾಗೆ ಹುಟ್ಟಿಸುವ ಹಾಗಿಲ್ಲ. ಆದರೆ ಇರುವ ಪದಗಳನ್ನು ಒಂದರ ಪಕ್ಕ ಒಂದು ಇಟ್ಟು, ಪ್ರತ್ಯಯ ಸೇರಿಸಿ ಹೇಳಬೇಕಾದ್ದನ್ನು ಹೇಳಬಹುದು. ಪುಸ್ತಕದ ಭಾಗಗಳಿಗೆ ಅರ್ಧಕ್ಕರ್ಧ ಹೀಗೇ ಮಾಡಬೇಕು. ಯಾವುದು ನಿಘಂಟಿನ ಪದ, ಯಾವುದು ನಾನು ಜೋಡಿಸಿದ್ದು ಅಂತ ಆಗಾಗ ಹೇಳುತ್ತಾ ಹೋಗುತ್ತೇನೆ.

ಈಗ ಪುಸ್ತಕ ಕೈಗೆ ತಗೊಳ್ಳಿ.

ಪುಸ್ತಕ ‘ಪಾಕ್’. ಕಥೆ ‘ಲೂಟ್’ (ಎಲ್-ಯು-ಟಿ). ಲೂಟಿಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಕ್ಲಿಂಗನ್ನರ ಕಥೆಗಳಲ್ಲಿ ಲೂಟಿ ಸಾಕಷ್ಟು ಇರೋದರಿಂದ ನೆನಪಿಡಲು ಒಳ್ಳೆಯದೇ. ಇವೆರಡನ್ನೂ ಬೆರೆಸಬೇಡಿ. ಪಾಕ್ ಅಂದರೆ ಕೈಯಲ್ಲಿ ಹಿಡಿಯೋ ವಸ್ತು, ಲೂಟ್ ಅಂದರೆ ಹೇಳೋ ಸಂಗತಿ. ಒಂದು ಪಾಕ್ ಒಳಗೆ ಹತ್ತು ಲೂಟ್ ಇರಬಹುದು. ಪುಸ್ತಕವೇ ಇಲ್ಲದೆಯೂ ಲೂಟ್ ಇರಬಹುದು, ಅಜ್ಜಿ ಹೇಳಿದ ಹಾಗೆ.

ಹೆಸರು ‘ಪೋಙ್’. ಪುಸ್ತಕದ ಹೆಸರು ‘ಪಾಕ್ ಪೋಙ್’. ನೋಡಿ, ಇಲ್ಲಿ ನಮಗೆ ಒಂದು ಲಾಭ ಇದೆ. ಯಾರದ್ದು ಅನ್ನೋದು ಮೊದಲು, ಏನು ಅನ್ನೋದು ಆಮೇಲೆ, ಥೇಟ್ ‘ಪುಸ್ತಕದ ಹೆಸರು’ ಇದ್ದ ಹಾಗೇ. ನಡುವಿನ ‘ದ’ ಮಾತ್ರ ಇಲ್ಲ, ಪದಗಳನ್ನು ಪಕ್ಕಪಕ್ಕ ಇಟ್ಟರೆ ಆಯಿತು. ಈ ಲೇಖನದ ಮುಕ್ಕಾಲು ಪಾಲು ಈ ಒಂದೇ ಸೂತ್ರದ ಮೇಲೆ ನಡೆಯುತ್ತದೆ.

ಪದ ‘ಮೂ’’. ವಾಕ್ಯಕ್ಕೆ ‘ಮೂ’ಟ್ಲೆಘ್’. ‘ಟ್ಲೆಘ್’ ಅಂದರೆ ಹಗ್ಗ ಅಥವಾ ಸಾಲು, ಅಂದರೆ ವಾಕ್ಯ ಅನ್ನೋದು ಪದಗಳ ಹಗ್ಗ. ನಿಘಂಟಿಗೆ ‘ಮೂ’ಘೋಮ್’, ಪದಗಳ ಗುಂಪು. ಬರೆದ ಅಕ್ಷರಕ್ಕೆ ‘ಙೂಟ್ಲ್’. ಆಗ ಹೇಳಿದೆನಲ್ಲ, ‘ಙ’ ಮೊದಲಲ್ಲೇ ಬಂತು. ಕ್ಲಿಂಗನ್ನರ ಸ್ವಂತ ಲಿಪಿಗೆ ‘ಪಿಕಾಡ್’ ಅಂತಾರೆ. ಕಾಗದ ‘ನಾವ್’, ಪಟ್ಟಿ ಅಥವಾ ಸುರುಳಿ ‘ಟೆಟ್ಲ್’, ಚಿತ್ರ ‘ಮಿಲ್‌ಲೋಘ್’. ಇವು ಎಲ್ಲಾ ನಿಘಂಟಿನ ಪದಗಳು, ಕಣ್ಣುಮುಚ್ಚಿ ಬಳಸಿ.

ಇನ್ನು ನನಗೆ ತುಂಬ ಇಷ್ಟವಾದ ಜೋಡಿ. ಕಥೆಯ ಆರಂಭಕ್ಕೆ ‘ಬಿ’ರೆಷ್’, ಕೊನೆಗೆ ‘ಬೆರ್‌ಟ್ಲಾಮ್’. ಇವು ಯಾವುದೋ ಆರಂಭ, ಯಾವುದೋ ಕೊನೆ ಅಲ್ಲ. ಒಪೆರಾ, ನಾಟಕ, ಕಥೆ, ಭಾಷಣ, ಇಂಥವುಗಳ ಆರಂಭಕ್ಕೆ ಬಿ’ರೆಷ್, ಇಂಥವುಗಳ ಕೊನೆಗೆ ಬೆರ್‌ಟ್ಲಾಮ್. ದಾರಿಯ ಕೊನೆಗೋ ಮೇಜಿನ ತುದಿಗೋ ಬೆರ್‌ಟ್ಲಾಮ್ ಅನ್ನೋ ಹಾಗಿಲ್ಲ. ಬಿ’ರೆಷ್ ಕೇಳಿದರೆ ಹೀಬ್ರೂ ಬೈಬಲ್‌ನ ಮೊದಲ ಪದ ‘ಬೆರೆಶಿತ್’ ನೆನಪಾಗುತ್ತದೆ. ಅದರ ಅರ್ಥವೂ ‘ಆದಿಯಲ್ಲಿ’ ಅಂತಲೇ. ಓಕ್ರಾಂಡ್ ಪದಗಳಲ್ಲಿ ಇಂಥ ತುಂಟಾಟ ಬೇಕಾದಷ್ಟಿದೆ.

ಆ ಪಟ್ಟಿಯನ್ನು ಇನ್ನೊಂದು ಸಲ ನೋಡಿ. ಒಪೆರಾ, ನಾಟಕ, ಕಥೆ, ಭಾಷಣ. ಎಲ್ಲವೂ ಬಾಯಿಂದ ಬರುವವು, ಜನರ ಮುಂದೆ ನಡೆಯುವವು. ಕ್ಲಿಂಗನ್ನರಿಗೆ ಕಥೆ ಅನ್ನೋದು ಅಚ್ಚಾದ ಹಾಳೆಗಿಂತ ಮೊದಲು ಎದ್ದುನಿಂತು ಹೇಳುವಂಥದ್ದು. ಇದು ತಲೆಯಲ್ಲಿ ಕೂತರೆ ಯಾವ ಭಾಗಕ್ಕೆ ಪದ ಸಿಗುತ್ತದೆ, ಯಾವುದಕ್ಕೆ ನಾವೇ ಜೋಡಿಸಬೇಕು ಅನ್ನೋದು ತಾನಾಗೇ ಗೊತ್ತಾಗುತ್ತದೆ. ಹೇಳುವ ಕಥೆಗೆ ಆರಂಭ, ನಡುವಿನ ತುಂಡುಗಳು, ಕೊನೆ ಇರುತ್ತವೆ. ಅವಕ್ಕೆ ಪದ ಸುಲಭವಾಗಿ ಸಿಗುತ್ತದೆ. ರಕ್ಷಾಪುಟ, ಬೆನ್ನುಡಿ, ಅರ್ಪಣೆ, ಇವೆಲ್ಲ ಅಚ್ಚುಮನೆಯ ಸಂಸಾರ. ಅಲ್ಲೇ ನಮ್ಮ ಕೈಚಳಕ ಬೇಕಾಗೋದು.

ಬಳಸೋದು ಹೀಗೆ. ‘ಲೂಟ್ ಬಿ’ರೆಷ್’ ಅಂದರೆ ಕಥೆಯ ಆರಂಭ. ‘ಆರಂಭದಲ್ಲಿ’ ಅನ್ನಬೇಕಾದರೆ ಕೊನೆಗೆ ‘ಡಾಕ್’ ಅಂಟಿಸಿ: ‘ಲೂಟ್ ಬಿ’ರೆಷ್‌ಡಾಕ್’. ಆ ‘ಡಾಕ್’ ನಮ್ಮ ‘ಅಲ್ಲಿ’ ಇದ್ದ ಹಾಗೆ. ‘ಲೂಟ್ ಬೆರ್‌ಟ್ಲಾಮ್‌ಡಾಕ್’ ಅಂದರೆ ಕಥೆಯ ಕೊನೆಯಲ್ಲಿ. ಕನ್ನಡದಲ್ಲಿ ವಿಭಕ್ತಿ ಹಚ್ಚಿ ಅಭ್ಯಾಸ ಇದ್ದವರಿಗೆ ಇದು ನೀರು ಕುಡಿದಷ್ಟು ಸುಲಭ.

ಅಧ್ಯಾಯಕ್ಕೆ ಬರೋಣ. ಭಾಗ, ವಿಭಾಗ ಅನ್ನೋ ಅರ್ಥದ ‘’ಆಯ್’’ ಅನ್ನೋ ಪದ ಇದೆ. ಮೊದಲೂ ಗಂಟಲು ಮುಚ್ಚಬೇಕು, ಕೊನೆಗೂ ಮುಚ್ಚಬೇಕು, ಯಾರೋ ಕಾಲು ತುಳಿದಾಗ ಬರೋ ಸದ್ದಿನ ಥರ. ಅಧ್ಯಾಯ ಅನ್ನಿ, ಪರ್ವ ಅನ್ನಿ, ಸಂಧಿ ಅನ್ನಿ, ನಿಮ್ಮ ಕಥೆಯ ತುಂಡಿಗೆ ಇದನ್ನೇ ಇಡಿ. ನಾನು ಎಲ್ಲದಕ್ಕೂ ಇದನ್ನೇ ಹಾಕುತ್ತೇನೆ.

ಇಲ್ಲಿ ಸಂಖ್ಯೆ ಎಲ್ಲಿಡಬೇಕು ಅನ್ನೋದೇ ಮುಖ್ಯ, ಎಲ್ಲರೂ ಎಡವೋದೂ ಇಲ್ಲೇ. ಒಂದರಿಂದ ಐದು ಹೀಗೆ: ವಾ’, ಚಾ’, ವೆಜ್, ಲೋಷ್, ವಾಘ್. ಸಂಖ್ಯೆ ಮೊದಲು ಬಂದರೆ ಎಣಿಕೆ. ‘ಚಾ’ ’ಆಯ್’’ ಅಂದರೆ ಎರಡು ಅಧ್ಯಾಯಗಳು. ಸಂಖ್ಯೆ ಆಮೇಲೆ ಬಂದರೆ ನಂಬರು. ‘’ಆಯ್’ ಚಾ’’ ಅಂದರೆ ಅಧ್ಯಾಯ ಎರಡು. ಪುಸ್ತಕಕ್ಕೂ ಅಷ್ಟೇ: ‘ವೆಜ್ ಪಾಕ್’ ಅಂದರೆ ಮೂರು ಪುಸ್ತಕ, ‘ಪಾಕ್ ವೆಜ್’ ಅಂದರೆ ಸಂಪುಟ ಮೂರು. ಕನ್ನಡದಲ್ಲೂ ‘ಮೂರು ಅಧ್ಯಾಯ’ ಮತ್ತು ‘ಅಧ್ಯಾಯ ಮೂರು’ ಬೇರೆಬೇರೆ ತಾನೆ, ಅದೇ ಲೆಕ್ಕ. ‘ಮೂರನೇ ಅಧ್ಯಾಯ’ ಅನ್ನಬೇಕಾದರೆ ಸಂಖ್ಯೆಗೆ ‘ಡಿಚ್’ ಸೇರಿಸಿ. ಅದು ನಮ್ಮ ‘ನೇ’. ಆದರೆ ಇದೂ ಹಿಂದೆಯೇ ಬರುತ್ತದೆ: ‘’ಆಯ್’ ವೆಜ್‌ಡಿಚ್’. ಇಲ್ಲಿ ಕನ್ನಡದ ಕ್ರಮ ಕೈ ಕೊಡುತ್ತದೆ, ಹುಷಾರು.

ಇನ್ನೊಂದು ಅನುಕೂಲ. ಸಂಖ್ಯೆ ಮೊದಲು ಬಂದಾಗ ಬಹುವಚನದ ಪ್ರತ್ಯಯ ಬೇಕಾಗಿಲ್ಲ. ನಾವು ‘ಮೂರು ಪುಸ್ತಕ ಕೊಡಿ’ ಅಂತೀವಲ್ಲ ಹಾಗೇ. ಸಂಖ್ಯೆ ಇಲ್ಲದಿದ್ದಾಗ ಹಾಕಿ: ಪುಸ್ತಕಗಳು ‘ಪಾಕ್‌ಮೇಯ್’, ಪದಗಳು ‘ಮೂ’ಮೇಯ್’. ಆದರೆ ಈ ‘ಮೇಯ್’ ವಸ್ತುಗಳಿಗೆ. ಮಾತಾಡಬಲ್ಲ ಜೀವಿಗಳಿಗೆ ‘ಪೂ’’ ಅಂತ ಬೇರೆ ಇದೆ. ಓದುಗರಿಗೆ ತಪ್ಪಿ ‘ಮೇಯ್’ ಹಾಕಿದರೆ ಅವರು ಎಲ್ಲೆಂದರಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದಾರೆ ಅನ್ನೋ ಅರ್ಥ ಬರುತ್ತದೆ. ಕೆಲವು ಲೇಖಕರ ಪಾಲಿಗೆ ಅದೂ ನಿಜವೇ ಇರಬಹುದು.

‘ವೆಜ್’ ಬಗ್ಗೆ ಒಂದು ಮಾತು. ಅದಕ್ಕೆ ಎರಡು ಅರ್ಥ, ಮೂರು ಅಂತಲೂ ಹೌದು, ‘ಇನ್ನೂ ಇಲ್ಲ’ ಅಂತಲೂ ಹೌದು. ‘ವೆಜ್ ವಿಲಾಡ್’ ಅಂದರೆ ‘ಇನ್ನೂ ಓದಿಲ್ಲ’. ನಾನ್‌ವೆಜ್‌ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮನೆಯಲ್ಲಿ ಕೊಂಡು ತಂದು ಕಪಾಟಲ್ಲಿ ಇಟ್ಟ ಪುಸ್ತಕಗಳ ಸಾಲಿಗೆ ಈ ಎರಡು ಪದದ ಚೀಟಿ ಅಂಟಿಸಬಹುದು. ನಮ್ಮ ಮನೆಯಲ್ಲಿ ಅಂಟಿಸಿದ್ದೇನೆ.

ದೊಡ್ಡ ಕೃತಿಯನ್ನು ಸಂಪುಟಗಳಾಗಿ ಒಡೆಯಬೇಕಾದರೆ ಕಣ್ಣೆದುರಿಗೆ ಒಂದು ಮಾದರಿ ಇದೆ. 2011ರಲ್ಲಿ ‘ಪಾಕ್’ಬಾಟ್ಲ್’ ಅನ್ನೋ ಕ್ಲಿಂಗನ್ ಮಹಾಕಾವ್ಯ ಪುಸ್ತಕವಾಗಿ ಬಂತು, ಕ್ಲಿಂಗನ್ ಪಠ್ಯದ ಹೊಣೆ ಓಕ್ರಾಂಡ್ ಅವರದ್ದೇ. ‘ಬಾಟ್ಲ್’ ಅಂದರೆ ಗೌರವ, ಮಾನ. ಒಳಗಿನ ಮೂರು ಪುಸ್ತಕಗಳ ಹೆಸರು ಪಾಕ್’ಯಾವ್, ಪಾಕ್’ರಾಡ್, ಪಾಕ್’ಕ್ಖಿಹ್. ಯಾವ್ ಅಂದರೆ ನೆಲ, ರಾಡ್ ಅಂದರೆ ಬಲವಂತ ಮಾಡು, ಕ್ಖಿಹ್ ಅಂದರೆ ಹಾಳುಮಾಡು. ಗಮನಿಸಿ, ಇಲ್ಲಿ ಪಾಕ್ ಮತ್ತು ಮುಂದಿನ ಪದದ ನಡುವೆ ಗಂಟಲು ಮುಚ್ಚುವ ಗುರುತು ಬಂದು ಎರಡೂ ಒಂದೇ ಪದವಾಗಿವೆ. ಹಳೆಯ, ಪವಿತ್ರ ಗ್ರಂಥದ ಗತ್ತು ಅದು. ನಮ್ಮ ಸಾದಾ ಕಥೆಪುಸ್ತಕಕ್ಕೆ ಹಾಗೆ ಬೇಡ. ಅಡುಗೆ ಪುಸ್ತಕಕ್ಕೆ ಪರ್ವ ಅಂತ ಹಾಕಿದ ಹಾಗಾಗುತ್ತದೆ.

ಈಗ ಲೇಖಕರು. ಇಲ್ಲಿ ಎರಡು ಕ್ರಿಯಾಪದಗಳ ನಡುವೆ ಆರಿಸಬೇಕು. ‘ಘಿಟ್ಲ್’ ಅಂದರೆ ಬರೆ. ‘ಕೋನ್’ ಅಂದರೆ ದಾಖಲಿಸು, ರಚಿಸು. ಘಿಟ್ಲ್ ಅನ್ನೋದು ಕೈಯಿಂದ ಗೀಚುವ, ಕೆತ್ತುವ ಕೆಲಸದ ಕಡೆ ಜಾಸ್ತಿ ವಾಲುತ್ತದೆ. ಅದೇ ಪದ ನಾಮಪದವಾದಾಗ ಹಸ್ತಪ್ರತಿ. ಕೋನ್ ಬರೋದು ಹಾಡು, ಕಾವ್ಯ ಕಟ್ಟುವ ಮಾತಿನಲ್ಲಿ. ಇದರ ಹಿಂದೆ ಒಂದು ಚೆಂದದ ಯೋಚನೆ ಇದೆ. ಕ್ಲಿಂಗನ್ನರ ಲೆಕ್ಕದಲ್ಲಿ ಹಾಡನ್ನು ಯಾರೂ ಹುಟ್ಟಿಸೋದಿಲ್ಲ. ಅದು ಮೊದಲೇ ಎಲ್ಲೋ ಇದೆ, ಹಾಡು ಕಟ್ಟುವವನು ಅದನ್ನು ಕೇಳಿಸಿಕೊಂಡು ದಾಖಲಿಸುತ್ತಾನೆ ಅಷ್ಟೇ. ಕುಮಾರವ್ಯಾಸ ‘ವೀರನಾರಾಯಣನೇ ಕವಿ, ಲಿಪಿಕಾರ ಕುಮಾರವ್ಯಾಸ’ ಅಂದದ್ದು ನೆನಪಾಯಿತಾ? ಗದುಗಿನಿಂದ ಕ್ಲಿಂಗನ್ನರ ಗ್ರಹ ಅಷ್ಟೇನೂ ದೂರ ಇಲ್ಲ ಅನ್ನಿಸುತ್ತದೆ ನನಗೆ.

ಕ್ರಿಯಾಪದಕ್ಕೆ ‘ವಿ’’ ಹಚ್ಚಿದರೆ ಆ ಕೆಲಸ ಮಾಡುವವನು ಅಥವಾ ಮಾಡುವವಳು. ಘಿಟ್ಲ್‌ವಿ’ ಅಂದರೆ ಬರೆಯುವವನು. ಕೋನ್‌ವಿ’ ಅಂದರೆ ರಚಿಸುವವಳು. ಲಾಡ್‌ವಿ’ ಅಂದರೆ ಓದುಗ. ‘ಮೂಘ್’ ಅಂದರೆ ಅನುವಾದಿಸು, ಹಾಗಾಗಿ ಅನುವಾದಕ ‘ಮೂಘ್‌ವಿ’’. ‘ಜಾ’’ ಅಂದರೆ ಹೇಳು, ವರದಿ ಮಾಡು. ಕಥೆ ಹೇಳುವವರು ‘ಲೂಟ್ ಜಾ’ವಿ’’. ಕಥೆ ಬರೆದವರ ಹೆಸರಿನ ಪಕ್ಕ ನಾನು ಕೋನ್‌ವಿ’ ಅಂತಲೇ ಹಾಕುತ್ತೇನೆ. ಘಿಟ್ಲ್‌ವಿ’ ಅಂದರೆ ಲಿಪಿಕಾರನ ನೆನಪಾಗುತ್ತದೆ.

ಕಥೆಯೊಳಗಿನ ಜನಕ್ಕೂ ಇದೇ ಪ್ರತ್ಯಯ ಕೆಲಸಕ್ಕೆ ಬರುತ್ತದೆ. ‘ಷೂವ್’ ಅಂದರೆ ಹೋರಾಡು, ‘ಷೂವ್‌ವಿ’’ ಅಂದರೆ ಯೋಧ. ಶತ್ರುವಿಗೆ ‘ಜಾಘ್’. ಕ್ಲಿಂಗನ್ ಕಥೆಗೆ ಈ ಎರಡು ಪಾತ್ರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಅರ್ಪಣೆಯ ಪುಟ ಮಾಡೋಣ. ‘ವಾಡ್’ ಅನ್ನೋ ಪ್ರತ್ಯಯ ನಮ್ಮ ‘ಗೆ’, ‘ಗಾಗಿ’. ತಾಯಿ ‘ಷೋಷ್’, ನನ್ನ ತಾಯಿ ‘ಷೋಷ್‌ವಿ’’, ನನ್ನ ತಾಯಿಗೆ ‘ಷೋಷ್‌ವಿ’ವಾಡ್’. ಒಂದೇ ಪದದಲ್ಲಿ ಅರ್ಪಣೆ ಮುಗಿಯಿತು. ‘ನನ್ನ’ ಅನ್ನೋದಕ್ಕೂ ಇಲ್ಲಿ ‘ವಿ’’ ಅಂತಲೇ ಬಂತು ನೋಡಿ. ಮಾತಾಡುವ ಜೀವಿಗಳಾದರೆ ಹಾಗೆ. ವಸ್ತುವಾದರೆ ‘ವಿಜ್’, ಅಂದರೆ ನನ್ನ ಪುಸ್ತಕ ‘ಪಾಕ್‌ವಿಜ್’. ಇನ್ನು ‘ನನ್ನ ಓದುಗರಿಗೆ’ ಅನ್ನಬೇಕಾದರೆ ಲಾಡ್, ವಿ’, ಪೂ’, ವಿ’, ವಾಡ್, ಎಲ್ಲಾ ಸಾಲಾಗಿ: ‘ಲಾಡ್‌ವಿ’ಪೂ’ವಿ’ವಾಡ್’. ಓದು, ಗ, ರು, ನನ್ನ, ಗೆ. ರೈಲು ಡಬ್ಬಿ ಜೋಡಿಸಿದ ಹಾಗೆ. ಡಬ್ಬಿಗಳ ಕ್ರಮ ಬದಲಾಗಬಾರದು: ಬಹುವಚನ, ಆಮೇಲೆ ಯಾರದ್ದು, ಆಮೇಲೆ ವಿಭಕ್ತಿ. ಇಂಗ್ಲಿಷ್ ಮಾತ್ರ ಬಲ್ಲವರು ಇದನ್ನು ಕಂಡು ಹೆದರುತ್ತಾರೆ. ನಮಗೆ ‘ಓದುಗರಿಗಾಗಿಯೇ’ ಅಂತ ಒಂದೇ ಉಸಿರಲ್ಲಿ ಹೇಳಿ ಅಭ್ಯಾಸ ಇದೆ.

ವಾಕ್ಯದಲ್ಲಿ ಪದಗಳ ಕ್ರಮವೂ ಹೆದರುವಂಥದ್ದಲ್ಲ. ಕರ್ತೃ ಕೊನೆಗೆ ಬರುತ್ತದೆ. ‘ಪಾಕ್ ಲಾಡ್ ಪೂಕ್.’ ಪೂಕ್ ಅಂದರೆ ಮಗು. ಪದಕ್ಕೆ ಪದ ಇಟ್ಟರೆ ‘ಪುಸ್ತಕ ಓದುತ್ತೆ ಮಗು’. ನಾವು ಮನೆಯಲ್ಲಿ ಹೀಗೇ ಮಾತಾಡೋದು ತಾನೆ? ‘ಕಾಫಿ ಕುಡಿದ್ರು ಅಜ್ಜಿ’, ‘ಪೇಪರ್ ಓದ್ತಿದಾರೆ ಅಪ್ಪ’. ವ್ಯಾಕರಣದ ಪುಸ್ತಕದ ಕನ್ನಡ ಪಕ್ಕಕ್ಕಿಟ್ಟು ಜಗಲಿ ಕನ್ನಡ ಮಾತಾಡಿ, ಕ್ಲಿಂಗನ್ ಕ್ರಮ ತಾನಾಗೇ ಬರುತ್ತದೆ. ‘ಲೂಟ್ ಜಾ’ ಷೋಷ್’: ಕಥೆ ಹೇಳ್ತಾಳೆ ಅಮ್ಮ.

ಕಥೆಯನ್ನು ಬಣ್ಣಿಸೋದು ಹೇಗೆ? ಗುಣ ಹೇಳುವ ಪದ ಇಲ್ಲಿ ಹಿಂದೆ ಬರುತ್ತದೆ, ಕನ್ನಡದ ಹಾಗೆ ಮೊದಲಲ್ಲ. ಹಳೇ ಕಾಲದ ಕಥೆ ‘ಲೂಟ್ ಟಿಕ್ಖ್’, ದುಃಖದ ಕಥೆ ‘ಲೂಟ್ ’ಇಕ್ಖ್’, ನಗುವಿನ ಕಥೆ ‘ಲೂಟ್ ಟ್ಲಾಕ್ಖ್’, ನಿಜವಾದ ಕಥೆ ‘ಲೂಟ್ ಟೆಹ್’. ಸಣ್ಣಕತೆ ಅನ್ನೋ ಪ್ರಕಾರಕ್ಕೆ ‘ಲೂಟ್ ಙಾಜ್’ ಅನ್ನಿ, ಹೆಚ್ಚು ಹೊತ್ತು ಹಿಡಿಯದ ಕಥೆ ಅಂತ. ‘ಲೂಟ್‌ಹೋಮ್’ ಅಂತಲೂ ಮಾಡಬಹುದು, ಆದರೆ ಆ ‘ಹೋಮ್’ ಪ್ರತ್ಯಯ ಗಾತ್ರದ ಜೊತೆಗೆ ಬೆಲೆಯನ್ನೂ ಇಳಿಸುತ್ತದೆ. ಯಾರಾದರೂ ಕಥೆಗಾರರ ಎದುರಿಗೆ ಅವರ ಕಥೆಯನ್ನು ಹಾಗೆ ಕರೆಯಬೇಡಿ.

ಇಲ್ಲಿ ನಾನು ಮಾಡಿಕೊಂಡ ಎಡವಟ್ಟು ಒಂದಿದೆ. ‘ಡಾಜ್’ ಅಂದರೆ ಸ್ವಾರಸ್ಯವಾಗಿರು. ‘ಸ್ವಾರಸ್ಯದ ಕಥೆ’ ಅಂತ ಒಂದು ಹೊತ್ತಗೆಯ ಮೇಲೆ ಜೋರಾಗಿ ಬರೆದೆ, ನಡುವೆ ಜಾಗ ಬಿಡದೆ. ಆದರೆ ‘ಡಾಜ್’ ಅನ್ನೋ ಪ್ರತ್ಯಯವೂ ಇದೆ, ‘ಅವನ’, ‘ಅವಳ’, ‘ಅದರ’ ಅಂತ ಅರ್ಥ. ಜಾಗ ಬಿಟ್ಟು ಬರೆದರೆ ‘ಲೂಟ್ ಡಾಜ್’, ಸ್ವಾರಸ್ಯದ ಕಥೆ. ಅಂಟಿಸಿ ಬರೆದರೆ ‘ಲೂಟ್‌ಡಾಜ್’, ಅವನ ಕಥೆ. ನನ್ನ ಹೊತ್ತಗೆ ಯಾರದ್ದೋ ಪಾಲಾಗಿ ಹೋಯಿತು. ಬಾಯಲ್ಲಿ ಹೇಳುವಾಗ ಎರಡೂ ಒಂದೇ ಥರ ಕೇಳುತ್ತವೆ, ಬರೆಯುವಾಗಲೇ ಪೇಚಾಟ.

ಇನ್ನು ಉಳಿದದ್ದು ಅಚ್ಚುಮನೆಯ ಭಾಗಗಳು. ಇವು ನಾನು ಜೋಡಿಸಿದ್ದು, ನಿಮಗೆ ಬೇರೆ ಹೊಳೆದರೆ ಅದನ್ನೇ ಇಟ್ಟುಕೊಳ್ಳಿ. ಪರಿವಿಡಿಗೆ ‘’ಆಯ್’ ಟೆಟ್ಲ್’, ಅಧ್ಯಾಯಗಳ ಪಟ್ಟಿ. ಪದಕೋಶದ ಪುಟಕ್ಕೆ ‘ಮೂ’ ಟೆಟ್ಲ್’. ರಕ್ಷಾಪುಟಕ್ಕೆ ‘ಪಾಕ್ ಡಿರ್’, ಅಂದರೆ ಪುಸ್ತಕದ ಚರ್ಮ. ಮುಚ್ಚೋದು ಅನ್ನೋ ಅರ್ಥ ಹಿಡಿದು ‘ಷೋ’ವಿ’’ ಅಂತ ಹಾಕಲು ಮನಸ್ಸಾಗುತ್ತದೆ, ಬೇಡ. ಅದು ಕ್ಲಿಂಗನ್ ಹಡಗುಗಳನ್ನು ಕಣ್ಣಿಗೆ ಕಾಣದ ಹಾಗೆ ಮಾಡುವ ಯಂತ್ರದ ಹೆಸರು. ರಕ್ಷಾಪುಟಕ್ಕೆ ಹಾಗಂತ ಬರೆದರೆ ಪುಸ್ತಕವೇ ಮಾಯ. ಹಾಳೆಯ ನಂಬರಿಗೆ ನಾನು ಕಾಗದದ ‘ನಾವ್’ ಬಳಸಿಕೊಳ್ಳುತ್ತೇನೆ, ‘ನಾವ್ ವಾಘ್’ ಅಂದರೆ ಐದನೇ ನಂಬರಿನ ಹಾಳೆ.

ಮುನ್ನುಡಿ ನನ್ನನ್ನು ತುಂಬ ಕಾಡಿತು. ಬಿ’ರೆಷ್ ಹಾಕಿದರೆ ತಪ್ಪಾಗುತ್ತದೆ, ಯಾಕೆಂದರೆ ಮುನ್ನುಡಿ ಕಥೆಯ ಆರಂಭ ಅಲ್ಲ, ಕಥೆಗೆ ಮೊದಲು ಲೇಖಕರು ಆಡುವ ಮಾತು. ಭಾಷಣಕ್ಕೆ ‘ಷೋಕ್ಖ್’ ಅನ್ನೋ ಪದ ಇದೆ. ಹಾಗಾಗಿ ‘ಕೋನ್‌ವಿ’ ಷೋಕ್ಖ್’, ರಚಿಸಿದವರ ಭಾಷಣ. ಎದ್ದುನಿಂತು ಹೇಳುವ ಜನ ಅಲ್ವಾ, ಮುನ್ನುಡಿಯನ್ನೂ ಭಾಷಣ ಅಂದರೆ ಅವರಿಗೆ ಒಪ್ಪುತ್ತದೆ. ನಮ್ಮಲ್ಲೂ ಕೆಲವು ಮುನ್ನುಡಿಗಳು ಭಾಷಣವೇ ಆಗಿರುತ್ತವೆ ಬಿಡಿ.

ಎಲ್ಲವನ್ನೂ ಒಂದು ಪುಟ್ಟ ಪುಸ್ತಕಕ್ಕೆ ಹಾಕಿ ನೋಡೋಣ. ಕ್ಲಿಂಗನ್ನರಿಗೆಲ್ಲ ಗೊತ್ತಿರುವ ಕಥೆಯನ್ನೇ ತಗೊಂಡಿದ್ದೇನೆ. ಕೆಯ್‌ಲಿಷ್ ಅನ್ನೋ ವೀರ ತನ್ನ ಕೂದಲಿನ ಎಳೆಯನ್ನು ಜ್ವಾಲಾಮುಖಿಯ ಬೆಂಕಿಯಲ್ಲಿ ಅದ್ದಿ, ಆಮೇಲೆ ಕೆರೆಯ ನೀರಿನಲ್ಲಿ ತಣಿಸಿ, ತಿರುಚಿ ಮೊದಲ ಬೆಟ್‌ಲೆಹ್ ಕತ್ತಿ ಮಾಡುತ್ತಾನೆ. ಅದರಿಂದ ಮೋಲೋರ್ ಅನ್ನೋ ಕ್ರೂರ ದೊರೆಯನ್ನು ಕೊಲ್ಲುತ್ತಾನೆ. ಪುಸ್ತಕದ ಹೆಸರು ‘ಕೆಯ್‌ಲಿಷ್ ಬೆಟ್‌ಲೆಹ್’, ಕೆಯ್‌ಲಿಷನ ಕತ್ತಿ. ಇದನ್ನು ಪೂರ್ತಿ ವಾಕ್ಯದಲ್ಲಿ ಹೇಳಬೇಕಾದರೆ: ‘ಕೆಯ್‌ಲಿಷ್ ಬೆಟ್‌ಲೆಹ್ ’ಓಹ್ ಪಾಕ್‌ವಾಮ್ ಪೋಙ್’ಎ’.’ ‘ವಾಮ್’ ಅಂದರೆ ‘ಈ’. ಈ ಪುಸ್ತಕದ ಹೆಸರು ಕೆಯ್‌ಲಿಷನ ಕತ್ತಿ ಅಂತ.

ಒಳಗೆ ಮೊದಲ ಹಾಳೆಯಲ್ಲಿ ‘ಷೋಷ್‌ವಿ’ವಾಡ್’. ಮುಂದಿನದರಲ್ಲಿ ‘’ಆಯ್’ ಟೆಟ್ಲ್’, ಅದರ ಕೆಳಗೆ ಹೀಗೆ:

ಕೋನ್‌ವಿ’ ಷೋಕ್ಖ್
’ಆಯ್’ ವಾ’: ಜಿಬ್
’ಆಯ್’ ಚಾ’: ಕೂಲ್
’ಆಯ್’ ವೆಜ್: ಬಿಕ್ಖ್
’ಆಯ್’ ಲೋಷ್: ಮಾಯ್’
ಮೂ’ ಟೆಟ್ಲ್

ಜಿಬ್ ಅಂದರೆ ತಲೆಗೂದಲು, ಕೂಲ್ ಅಂದರೆ ಬೆಂಕಿ, ಬಿಕ್ಖ್ ಅಂದರೆ ನೀರು, ಮಾಯ್’ ಅ‌ಂದರೆ ಯುದ್ಧ. ಬೆಂಕಿಗೆ ಕೂಲ್ ಅನ್ನೋದನ್ನು ನಾನು ಮೊದಲ ಸಲ ಕೇಳಿದಾಗ ಒಂದು ನಿಮಿಷ ನಕ್ಕಿದ್ದೆ.

ಕೊನೆಯ ಅಧ್ಯಾಯದ ಕೆಳಗೆ ‘ಮುಗಿಯಿತು’ ಅಂತ ಹಾಕಬೇಕಲ್ಲ. ಅಲ್ಲಿ ಬೆರ್‌ಟ್ಲಾಮ್ ಅಂತ ಬರೆಯುವವರಿದ್ದಾರೆ, ತಪ್ಪೇನಲ್ಲ, ‘ಕೊನೆ’ ಅಂತ ಬರೆದ ಹಾಗೆ. ಆದರೆ ‘ಪಿಟ್ಲ್’ ಅನ್ನೋ ಉದ್ಗಾರ ಇದೆ, ಕೆಲಸ ಮುಗಿಸಿ ಕೈ ಕೊಡವಿದಾಗ ಹೇಳೋದು, ‘ಆಯ್ತು!’ ಅಂತ. ಗಟ್ಟಿಯಾಗಿ ಓದುವ ಕಥೆಗೆ ನನ್ನ ಮತ ಇದಕ್ಕೇ.

ಗಟ್ಟಿಯಾಗಿ ಓದಿ ಹೇಳಿ, ಅದಕ್ಕೂ ಪದ ಇದೆ. ‘ಲೂಟ್ ಯಿಜಾ’’ ಅಂದರೆ ಕಥೆ ಹೇಳು ಅಂತ ಆಜ್ಞೆ. ‘ನನಗೆ ಹೇಳು’ ಅನ್ನಬೇಕಾದರೆ ‘ಹಿಜಾ’’. ಮಜಾ ಏನೆಂದರೆ ಕ್ಲಿಂಗನ್‌ನಲ್ಲಿ ‘ಹೌದು’ ಅನ್ನೋದಕ್ಕೂ ‘ಹಿಜಾ’’ ಅಂತಲೇ. ಹಾಗಾಗಿ ರಾತ್ರಿ ಮಗು ‘ಹಿಜಾ’’ ಅಂದರೆ, ಅದು ನಿದ್ದೆ ಬಂತಾ ಅಂತ ಕೇಳಿದ್ದಕ್ಕೆ ಹೌದು ಅಂದದ್ದೋ, ಕಥೆ ಹೇಳು ಅಂದದ್ದೋ, ಮುಖ ನೋಡಿಯೇ ತಿಳಿದುಕೊಳ್ಳಬೇಕು.